ನಗುವ ಮುಖದ ಮೇಲೆ ಬೆರಳು

ತಂಗಿಯ ಮಗನಿಗೆ ಆಗ ಆರು ವರ್ಷ. ಅಪೆಂಡಿಕ್ಸ್ ಆಪರೇಷನ್ ಆದ ಮರುದಿನ ಬೆಳಗ್ಗೆ ವಾರ್ಡಿಗೆ ಬಂದ ಸಿಸ್ಟರ್ ಅವನ ಮುಂದೆ ಲ್ಯಾಮಿನೇಷನ್ ಮಾಡಿಸಿದ ಉದ್ದನೆಯ ಕಾರ್ಡೊಂದನ್ನು ಹಿಡಿದರು. ಸಾಲಾಗಿ ಆರು ಮುಖಗಳು. ಎಡತುದಿಯದು ಬಾಯಗಲಿಸಿ ನಗುತ್ತಿದೆ, ಬಲತುದಿಯದರ ಕಣ್ಣಲ್ಲಿ ನೀರು. "ಪುಟ್ಟಾ, ಇದರಲ್ಲಿ ನೀನು ಯಾವುದು?" ಹುಡುಗ ಹಿಂದುಮುಂದು ನೋಡದೆ ನಗುವ ಮುಖದ ಮೇಲೆ ಬೆರಳಿಟ್ಟ. ಸಿಸ್ಟರ್ ಕೇಸ್‌ಶೀಟಿನಲ್ಲಿ ಸೊನ್ನೆ ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದರು.

ಸೊನ್ನೆ ನೋವಿನ ಆ ಹುಡುಗ ರಾತ್ರಿಯಿಡೀ ಮಗ್ಗುಲು ಬದಲಿಸಿರಲಿಲ್ಲ. ಕೆಮ್ಮು ಬಂದರೆ ಉಸಿರು ಬಿಗಿಹಿಡಿದು ನುಂಗಿಕೊಳ್ಳುತ್ತಿದ್ದ. "ಯಾಕೋ ಅದನ್ನ ತೋರಿಸ್ದೆ?" ಅಂತ ಮೆಲ್ಲಗೆ ಕೇಳಿದೆ. "ಅದೇ ಚೆನ್ನಾಗಿತ್ತು ದೊಡ್ಡಮ್ಮ" ಅಂದ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಅವನೇ ಸೇರಿಸಿದ: "ಅಳೋದು ತೋರಿಸಿದ್ರೆ ಇನ್ನೊಂದು ಚುಚ್ತಾರೆ."

ಅವನ ಎರಡೂ ಉತ್ತರಗಳು ಮಕ್ಕಳ ನೋವನ್ನು ಅಳೆಯಲು ಹೊರಟವರಿಗೆ ಹಳೆಯ ಪರಿಚಯ. ಐದಾರು ವರ್ಷದ ಮಕ್ಕಳಲ್ಲಿ ಕೆಲವರು 'ನೀನು ಯಾವ ಮುಖ' ಎಂದರೆ 'ನಿನಗೆ ಯಾವ ಮುಖ ಇಷ್ಟ' ಎಂದು ತಿಳಿಯುತ್ತಾರೆ. ಇನ್ನು ಕೆಲವರು ಎರಡು ತುದಿಗಳಲ್ಲೊಂದನ್ನು ಮುಟ್ಟುತ್ತಾರೆಯೇ ಹೊರತು ನಡುವಿನವು ಅವರ ಕಣ್ಣಿಗೇ ಬೀಳುವುದಿಲ್ಲ. ಸೂಜಿಗೆ ಹೆದರಿ ನೋವಿಲ್ಲ ಎನ್ನುವ ಮಕ್ಕಳ ಕಥೆಯನ್ನಂತೂ ಮಕ್ಕಳ ವಾರ್ಡಿನ ದಾದಿಯರು ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ. ನೋವಿಗೆ ಕೊಡುವ ಮದ್ದೇ ಚುಚ್ಚುಮದ್ದಾಗಿದ್ದ ಕಾಲದಲ್ಲಿ ಸುಳ್ಳು ಹೇಳುವುದೇ ಮಗುವಿಗೆ ಲಾಭದ ವ್ಯವಹಾರ.

ಹಾಗಿದ್ದರೂ ಆ ಕಾರ್ಡನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಮಗುವನ್ನೇ ಕೇಳಬೇಕು ಎಂಬಲ್ಲಿಗೆ ಬರಲು ವೈದ್ಯಲೋಕ ಹಿಡಿದ ದಾರಿ ಅಷ್ಟು ಉದ್ದವಾದದ್ದು.

1968ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಸ್ವಾಫರ್ಡ್ ಮತ್ತು ಆ್ಯಲನ್ ಎಂಬಿಬ್ಬರು, ಆಪರೇಷನ್ ಆದ ಮಕ್ಕಳಿಗೆ ನೋವುನಿವಾರಕದ ಅಗತ್ಯ ಬೀಳುವುದು ಅಪರೂಪ ಎಂದು ಬರೆದಿದ್ದರು. ಅದು ಅವರಿಬ್ಬರದ್ದೇ ಅಭಿಪ್ರಾಯವೂ ಆಗಿರಲಿಲ್ಲ. ಕೆಲ ವರ್ಷಗಳ ನಂತರ ಅಯೋವಾದ ದಾದಿ ಜೋಆನ್ ಈಲಂಡ್ ಮತ್ತು ಅವರ ಸಹೋದ್ಯೋಗಿ, ಆಪರೇಷನ್ ಮಾಡಿಸಿಕೊಂಡ 25 ಮಕ್ಕಳ ದಾಖಲೆಗಳನ್ನು ತಿರುವಿಹಾಕಿದರು. ಹೃದಯದ ರಂಧ್ರ ಮುಚ್ಚಿಸಿಕೊಂಡವರು, ಮೂತ್ರಪಿಂಡದ ಭಾಗ ತೆಗೆಸಿಕೊಂಡವರು, ಪಾದ ಕಳೆದುಕೊಂಡವರು ಎಲ್ಲರೂ ಅದರಲ್ಲಿದ್ದರು. 13 ಮಕ್ಕಳಿಗೆ ನೋವಿನ ಔಷಧಿ ಒಂದು ಸಲವೂ ಸಿಕ್ಕಿರಲಿಲ್ಲ. ಆ ವರದಿ ಅಚ್ಚಾದದ್ದು 1977ರಲ್ಲಿ.

ದೊಡ್ಡ ಮಕ್ಕಳ ಪಾಡೇ ಇದಾದರೆ, ನವಜಾತ ಶಿಶುಗಳದ್ದು ಇನ್ನೂ ಕೆಟ್ಟದ್ದು. ಎಳೆಗೂಸಿನ ನರಗಳ ಮೇಲೆ ಕೊಬ್ಬಿನ ಹೊದಿಕೆ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ಅದಕ್ಕೆ ನೋವೇ ತಿಳಿಯದು ಎಂಬುದು ಆಗಿನ ಪಾಠ. ದೊಡ್ಡವರಲ್ಲೂ ನೋವಿನ ಬಹುಪಾಲು ಸಾಗುವುದು ಹೊದಿಕೆಯಿಲ್ಲದ ಎಳೆಗಳಲ್ಲೇ ಎಂಬುದನ್ನು ಯಾರೂ ಎದುರಿಗಿಟ್ಟು ನೋಡಿರಲಿಲ್ಲ. ಅರಿವಳಿಕೆಯ ಔಷಧಿ ಎಳೆಯ ಜೀವಕ್ಕೆ ಅಪಾಯ ಎಂಬ ಭಯವೂ ಇತ್ತು, ಅದು ಆ ಕಾಲಕ್ಕೆ ಸುಳ್ಳು ಭಯವೂ ಅಲ್ಲ. ಹೀಗಾಗಿ ಸ್ನಾಯುಗಳನ್ನು ಸಡಿಲಿಸಿ ಅಲುಗಾಡದಂತೆ ಮಾಡುವ ಮದ್ದು, ಜೊತೆಗೆ ಹೆಚ್ಚೆಂದರೆ ಲಘುವಾದ ಅನಿಲ, ಇಷ್ಟರಲ್ಲೇ ಎದೆ ತೆರೆಯುವ ಆಪರೇಷನ್‌ಗಳು ನಡೆಯುತ್ತಿದ್ದವು. ಅಲುಗಾಡದ ಕೂಸು ಅಳುವುದೂ ಇಲ್ಲ. ಅಳದಿದ್ದುದನ್ನೇ ನೋವಿಲ್ಲದ್ದಕ್ಕೆ ಸಾಕ್ಷಿ ಮಾಡಿಕೊಂಡರೋ ಏನೋ.

ಆ ನಂಬಿಕೆಯನ್ನು ಅಲುಗಿಸಿದವರು ನಮ್ಮ ಇಂದೋರ್‌ನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದ ಡಾ. ಕನ್ವಲ್‌ಜೀತ್ ಆನಂದ್. ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ, ಆಪರೇಷನ್‌ಗೆ ಕಳಿಸಿಕೊಟ್ಟ ಕೂಸುಗಳು ಹೋದ ಸ್ಥಿತಿಗಿಂತ ತೀರಾ ಕೆಟ್ಟು ವಾಪಸ್ ಬರುವುದು ಕಣ್ಣಿಗೆ ಬಿತ್ತು. ಕೂಸನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಅವರು ರಕ್ತವನ್ನು ಕೇಳಿದರು. ಅವಧಿಗೆ ಮುಂಚೆ ಹುಟ್ಟಿ ಹೃದಯದ ಬಳಿಯ ರಕ್ತನಾಳ ಕಟ್ಟಿಸಿಕೊಳ್ಳಬೇಕಾಗಿದ್ದ 16 ಶಿಶುಗಳಲ್ಲಿ ಅರ್ಧದಷ್ಟಕ್ಕೆ ಎಂದಿನ ಕ್ರಮ, ಇನ್ನರ್ಧಕ್ಕೆ ಅದರ ಜೊತೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ. ಫೆಂಟನಿಲ್ ಸಿಗದ ಕೂಸುಗಳ ರಕ್ತದಲ್ಲಿ ಸಂಕಟದ ಹಾರ್ಮೋನುಗಳು ಉಕ್ಕಿದ್ದವು, ಆಪರೇಷನ್ ನಂತರದ ತೊಡಕುಗಳೂ ಅವಕ್ಕೇ ಹೆಚ್ಚು. ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂದದ್ದು 1987ರಲ್ಲಿ. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಎಳೆಗೂಸುಗಳಿಗೂ ಅರಿವಳಿಕೆ ಬೇಕು ಎಂದು ಲಿಖಿತವಾಗಿ ಒಪ್ಪಿಕೊಂಡಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಹದಿನೆಂಟು ವರ್ಷ ಆಗಿತ್ತು.

ಇನ್ನು ಮುಖಗಳ ಕಾರ್ಡಿನ ಕಥೆ. ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ಎಂಬ ಊರಿನಲ್ಲಿ ಹಿಲ್‌ಕ್ರೆಸ್ಟ್ ಎಂಬ ಆಸ್ಪತ್ರೆಯಿದೆ. ಅದರ ಸುಟ್ಟಗಾಯಗಳ ವಿಭಾಗದಲ್ಲಿ ಮಕ್ಕಳ ಒಡನಾಟದ ಕೆಲಸದಲ್ಲಿದ್ದವರು ಕಾನಿ ಬೇಕರ್. ಅಲ್ಲಿಗೆ ಸಲಹೆಗಾರ್ತಿಯಾಗಿ ಬಂದ ದಾದಿ ಡೋನಾ ವಾಂಗ್. 1981ರ ಸುಮಾರಿಗೆ ಇಬ್ಬರೂ ಸೇರಿ ಮಕ್ಕಳಿಗೆ ಅಂಕಿ, ಬಣ್ಣ ಎಲ್ಲ ಕೊಟ್ಟು ನೋಡಿದರು. ಚಿಕ್ಕವರಿಗೆ ಯಾವುದೂ ಒಗ್ಗಲಿಲ್ಲ. ಕೊನೆಗೆ ಬರೀ ಆರು ವೃತ್ತಗಳ ಹಾಳೆ ಕೊಟ್ಟು, ನೋವಿಲ್ಲದ ಮುಖದಿಂದ ತುಂಬ ನೋವಿನ ಮುಖದವರೆಗೆ ನೀವೇ ಬರೆಯಿರಿ ಎಂದರು. ಮಕ್ಕಳು ಬರೆದುಕೊಟ್ಟ ಆ ಕಣ್ಣುಬಾಯಿಗಳನ್ನೆಲ್ಲ ಒಟ್ಟು ಮಾಡಿ ಒಬ್ಬ ಕಲಾವಿದ ಅಂತಿಮ ರೂಪ ಕೊಟ್ಟ. ಈಗ ಜಗತ್ತಿನ ಆಸ್ಪತ್ರೆಗಳ ಗೋಡೆಗಳ ಮೇಲಿರುವ ಆ ಮುಖಗಳ ಮೂಲ, ಸುಟ್ಟಗಾಯದ ಮಕ್ಕಳ ಗೀಚು ಚಿತ್ರ.

ಆದರೆ ನಗು ಮತ್ತು ಕಣ್ಣೀರು ತೊಂದರೆ ಕೊಟ್ಟವು. ನೋವಿಲ್ಲದ ಮಗು ನಗುತ್ತಲೇ ಇರಬೇಕೆಂದಿಲ್ಲ, ಅದೂ ಆಸ್ಪತ್ರೆಯಲ್ಲಿ. ಅಮ್ಮ ಊಟಕ್ಕೆಂದು ಹೊರಗೆ ಹೋಗಿದ್ದಾಳೆ, ಮೊಬೈಲ್ ಚಾರ್ಜ್ ಮುಗಿದಿದೆ, ಮುಖ ಸಪ್ಪಗಿದೆ. ಆ ಮಗು ಸೊನ್ನೆಯ ನಗುಮುಖ ಬಿಟ್ಟು ಪಕ್ಕದ್ದನ್ನೋ ಅದರಾಚೆಯದನ್ನೋ ಮುಟ್ಟಿದರೆ ಇಲ್ಲದ ನೋವು ಲೆಕ್ಕಕ್ಕೆ ಬಂತು. ಇತ್ತ ನೋವಿನಲ್ಲಿ ಹಲ್ಲುಕಚ್ಚಿ ಕೂತ ಹತ್ತು ವರ್ಷದ ಹುಡುಗ, ನಾನು ಅಳುತ್ತಿಲ್ಲವಲ್ಲ ಎಂದು ಕೊನೆಯ ಮುಖವನ್ನು ಮುಟ್ಟುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ 1990ರಲ್ಲಿ ರೂಪುಗೊಂಡು, 2001ರಲ್ಲಿ ತಿದ್ದುಪಡಿಯಾದ ಇನ್ನೊಂದು ಮುಖಪಟ್ಟಿಯಲ್ಲಿ ಅದಕ್ಕೇ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಹುಬ್ಬು ಗಂಟಿಕ್ಕುತ್ತ, ಕಣ್ಣು ಕಿರಿದಾಗುತ್ತ, ಬಾಯಿ ಸೊಟ್ಟಗಾಗುತ್ತ ಹೋಗುತ್ತದೆ ಅಷ್ಟೆ. ಸಂಶೋಧಕರಿಗೆ ಇದು ಹೆಚ್ಚು ಮೆಚ್ಚುಗೆ. ಮಕ್ಕಳನ್ನು ಕೇಳಿದರೆ ಹಲವರು ಹಳೆಯ ಕಾರ್ಟೂನು ಮುಖವೇ ಚಂದ ಅನ್ನುತ್ತಾರೆ! ಅಳತೆಗೆ ಒದಗುವುದು ಒಂದು, ಮಗುವಿಗೆ ಒಗ್ಗುವುದು ಇನ್ನೊಂದು.

ನನಗೆ ಹೆಚ್ಚು ಇಷ್ಟವಾದದ್ದು ನ್ಯಾನ್ಸಿ ಹೆಸ್ಟರ್ ಎಂಬ ದಾದಿ 1979ರಲ್ಲಿ ಬರೆದ ಉಪಾಯ. ಇಸ್ಪೀಟಾಟದಲ್ಲಿ ಪಣಕ್ಕಿಡುವ ಪ್ಲಾಸ್ಟಿಕ್ ಬಿಲ್ಲೆಗಳಿರುತ್ತವಲ್ಲ, ಅಂಥ ನಾಲ್ಕನ್ನು ಮಗುವಿನ ಮುಂದಿಟ್ಟು, ಇವು ನೋವಿನ ತುಂಡುಗಳು, ನಿನ್ನ ಹತ್ತಿರ ಈಗ ಎಷ್ಟಿವೆ ಎಂದು ಕೇಳುವುದು. ಅಮೂರ್ತವಾದದ್ದು ಕೈಗೆ ಸಿಗುವ ವಸ್ತುವಾಗುತ್ತದೆ. ನಮ್ಮ ಹುಡುಗನ ಮೇಲೆ ನಾನೇ ಪ್ರಯೋಗ ಮಾಡಿದೆ. ಬಿಲ್ಲೆ ಎಲ್ಲಿಂದ ತರಲಿ? ಚೌಕಾಬಾರ ಆಡಲೆಂದು ತಂಗಿ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದ ಹುಣಸೆಬೀಜಗಳಿದ್ದವು. ನಾಲ್ಕು ಬೀಜ ಅವನ ಹಾಸಿಗೆಯ ಮೇಲಿಟ್ಟೆ. "ಇವು ನೋವು. ಎಲ್ಲೆಲ್ಲಿದೆಯೋ ಅಲ್ಲಲ್ಲಿ ಇಡು ನೋಡೋಣ."

ಹೊಟ್ಟೆಯ ಬ್ಯಾಂಡೇಜಿನ ಪಕ್ಕ ಒಂದು ಬೀಜ ಇಟ್ಟ. ಉಳಿದ ಮೂರನ್ನೂ ಎಡಗೈಯ ಮೇಲೆ, ಡ್ರಿಪ್ಪಿಗೆ ಹಾಕಿದ ಸೂಜಿಯನ್ನು ಪ್ಲಾಸ್ಟರಿನಲ್ಲಿ ಸುತ್ತಿಟ್ಟಿದ್ದರಲ್ಲ, ಅಲ್ಲಿ.

ನಾವೆಲ್ಲ ಎರಡು ದಿನದಿಂದ ಹೊಟ್ಟೆಯನ್ನೇ ನೋಡುತ್ತ ಕೂತಿದ್ದೆವು. ಡಾಕ್ಟರು ಹೊಟ್ಟೆ ಒತ್ತುತ್ತಿದ್ದರು, ಅಜ್ಜಿ ಹೊಟ್ಟೆ ಸವರುತ್ತಿದ್ದರು, ಫೋನ್ ಮಾಡಿದವರೆಲ್ಲ ಹೊಟ್ಟೆ ಹೇಗಿದೆ ಅನ್ನುತ್ತಿದ್ದರು. ಕೈಯನ್ನು ಯಾರೂ ಕೇಳಿರಲಿಲ್ಲ. ಹೇಳಿದ ಮೇಲೆ ಸಿಸ್ಟರ್ ಬಂದು ನೋಡಿದರು, ಸೂಜಿಯ ಸುತ್ತ ಕೈ ಕೆಂಪಗೆ ಊದಿತ್ತು. ತೆಗೆದು ಬೇರೆ ಕೈಗೆ ಹಾಕಬೇಕಾಯಿತು, ಅದಕ್ಕೆ ಇನ್ನೊಂದು ರಂಪ. ಅವನು ಹೆದರಿದ್ದೇ ನಿಜವಾಯಿತು, ನೋವು ಹೇಳಿದ್ದಕ್ಕೆ ಇನ್ನೊಂದು ಚುಚ್ಚಿದರು. ಅಂದು ಸಂಜೆಯವರೆಗೆ ಅವನು ನನ್ನ ಜೊತೆ ಮಾತು ಬಿಟ್ಟ.

ಮಾತು ಬಾರದ ಮಕ್ಕಳಿಗೆ ಬೇರೆ ದಾರಿ ಹುಡುಕಬೇಕು. ಮಿಷಿಗನ್ ವಿಶ್ವವಿದ್ಯಾಲಯದವರು 1997ರಲ್ಲಿ ಪ್ರಕಟಿಸಿದ ಪಟ್ಟಿ ಈಗ ಹೆಚ್ಚು ಬಳಕೆಯಲ್ಲಿದೆ: ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಬಗ್ಗುವುದು ಎಂಬ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ಬುದ್ಧಿ ಬೆಳವಣಿಗೆಯ ತೊಡಕಿರುವ ಮಕ್ಕಳಿಗಾಗಿ ನಂತರ ಇದನ್ನು ತಿದ್ದಿದಾಗ ತಾಯ್ತಂದೆಯರಿಗೆಂದೇ ಜಾಗ ಬಿಟ್ಟರು. ನೋವಾದರೆ ಮಂಕಾಗುವ ಮಗು, ನೋವಾದರೆ ನಗುವ ಮಗು, ಹೀಗೆ ಒಂದೊಂದು ಮಗುವಿನ ಗುರುತು ಮನೆಯವರಿಗೇ ಗೊತ್ತಿರುವುದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನೇ ಪರಿಷ್ಕರಿಸಿ, ಹೇಳಲಾರದವರಿಗೆ ನೋವಿಲ್ಲ ಎಂದುಕೊಳ್ಳುವಂತಿಲ್ಲ ಎಂದು ಟಿಪ್ಪಣಿ ಸೇರಿಸಿತು.

ಇಷ್ಟೆಲ್ಲ ಆದರೂ ಇದು ನೋವಿನ ಮಾತಾಯಿತು. ಚೇತರಿಕೆ ಅದಕ್ಕಿಂತ ದೊಡ್ಡದು, ಮತ್ತು ಅಲ್ಲೇ ಅಳತೆಗೋಲು ಹೆಚ್ಚು ತಡವರಿಸುವುದು.

1952ರಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಒಂದು ಸಿನಿಮಾ ಮಾಡಿದರು. ಎರಡು ವರ್ಷದ ಹುಡುಗಿ ಹೊಕ್ಕುಳಿನ ಹರ್ನಿಯಾ ಆಪರೇಷನ್‌ಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದುದರ ಚಿತ್ರಣ. ಆಗ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ತಾಯಿ ಜೊತೆಗಿರುವ ಪದ್ಧತಿಯಿರಲಿಲ್ಲ, ಗೊತ್ತಾದ ಹೊತ್ತಿಗೆ ಬಂದು ನೋಡಿ ಹೋಗಬೇಕು. ಅಳುವ ಗಳಿಗೆಗಳನ್ನೇ ಹೆಕ್ಕಿ ತೋರಿಸಿದ್ದಾನೆ ಎಂಬ ಆರೋಪ ಬರಬಾರದೆಂದು ರಾಬರ್ಟ್‌ಸನ್ ದಿನಾ ಗೊತ್ತಾದ ಸಮಯಕ್ಕೆ ಕ್ಯಾಮೆರಾ ಹಿಡಿದರು. ವಾರ್ಡಿನ ಗಡಿಯಾರವೂ ಚಿತ್ರದಲ್ಲಿ ಕಾಣುತ್ತದೆ. ಆ ಹುಡುಗಿ ಹೆಚ್ಚು ಅಳುವುದೇ ಇಲ್ಲ. ಮುಖ ಗಟ್ಟಿಯಾಗುತ್ತ, ತಾಯಿ ಬಂದಾಗ ಸ್ಪಂದಿಸುವುದು ಕಡಿಮೆಯಾಗುತ್ತ ಹೋಗುತ್ತದೆ. ವಾರ್ಡಿನ ಭಾಷೆಯಲ್ಲಿ ಅಂಥ ಮಗು 'ಹೊಂದಿಕೊಂಡಿದೆ'. ಗಾಯದ ಮಟ್ಟಿಗೆ ಚೇತರಿಕೆ ಸಲೀಸು. ಆ ಸಿನಿಮಾ ನೋಡಿ ಎಷ್ಟೋ ವೈದ್ಯರು ಆಗ ಸಿಟ್ಟಾದರು. ಏಳು ವರ್ಷದ ನಂತರ ಬ್ರಿಟನ್ನಿನ ಪ್ಲಾಟ್ ಸಮಿತಿಯ ವರದಿ ತಾಯ್ತಂದೆಯರಿಗೆ ಬಾಗಿಲು ತೆರೆಯಿರಿ ಎಂದಿತು. ನಮ್ಮ ಕಡೆಯ ಸರಕಾರಿ ವಾರ್ಡುಗಳಲ್ಲಿ ಮಗುವಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಅಮ್ಮಂದಿರನ್ನು ನೋಡಿ ಮೂಗು ಮುರಿಯುವವರಿಗೆ ಆ ಸಿನಿಮಾ ತೋರಿಸಬೇಕು.

ಆಪರೇಷನ್ ಆದ ಮಕ್ಕಳ ಕೆಟ್ಟ ಕನಸು, ಕತ್ತಲ ಭಯಗಳನ್ನು ಅಮೆರಿಕದ ಮನೋವೈದ್ಯ ಡೇವಿಡ್ ಲೆವಿ 1945ರಲ್ಲೇ ಬರೆದಿಟ್ಟಿದ್ದರು, ಯುದ್ಧದಿಂದ ಮರಳಿದ ಸೈನಿಕರ ಆಘಾತದ ಪಕ್ಕದಲ್ಲಿಟ್ಟು. 1966ರಲ್ಲಿ ವರ್ನನ್ ಮತ್ತು ಜೊತೆಗಾರರು 27 ಪ್ರಶ್ನೆಗಳ ಪಟ್ಟಿ ಮಾಡಿದರು: ನಿದ್ದೆ, ಊಟ, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಅಮ್ಮನ ಸೆರಗು ಬಿಡದಿರುವುದು ಇತ್ಯಾದಿ. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಉತ್ತರ ತುಂಬುವುದು ತಾಯಿ ಅಥವಾ ತಂದೆ.

ಈಗಂತೂ ಬೆಳಗ್ಗೆ ಆಪರೇಷನ್, ಸಂಜೆ ಮನೆಗೆ ಎಂಬ ಕಾಲ. ಹರ್ನಿಯಾ, ಟಾನ್ಸಿಲ್, ಮೂತ್ರದ್ವಾರದ ಸಣ್ಣಪುಟ್ಟ ದೋಷ ಎಲ್ಲಕ್ಕೂ. ಚೇತರಿಕೆ ಆಸ್ಪತ್ರೆಯಿಂದ ಮನೆಯ ನಡುಮನೆಗೆ ಬಂದಿದೆ, ಅಳೆಯುವ ಕೆಲಸವೂ ಅಮ್ಮನ ಹೆಗಲಿಗೆ. 1996ರಲ್ಲಿ ಕೆನಡಾದ ಕ್ರಿಸ್ಟೀನ್ ಚೇಂಬರ್ಸ್ ಮತ್ತಿತರರು ಪೋಷಕರಿಗೆಂದೇ 15 ಪ್ರಶ್ನೆಗಳ ಪಟ್ಟಿ ಕೊಟ್ಟರು. ಆರು ಅಥವಾ ಹೆಚ್ಚು 'ಹೌದು' ಬಂದರೆ ಮದ್ದು ಬೇಕಾದಷ್ಟು ನೋವಿದೆ ಎಂದರ್ಥ. ಎಂದಿಗಿಂತ ಕಡಿಮೆ ಆಡುತ್ತಾನೆಯೇ, ಗಾಯದ ಜಾಗ ಹಿಡಿದುಕೊಳ್ಳುತ್ತಾನೆಯೇ ಎಂಬಂಥವು. ಅದರಲ್ಲಿ ಒಂದನ್ನು ಬರೆದವರು ಮಕ್ಕಳನ್ನು ಸಾಕಿದವರೇ ಇರಬೇಕು: ಯಾವತ್ತೂ ಔಷಧಿ ಕುಡಿಯಲು ರಂಪ ಮಾಡುವ ಮಗು ಇವತ್ತು ಸುಮ್ಮನೆ ಕುಡಿಯಿತೇ?

ಅಂದಾಜು ಸರಿಯಾಗಿದ್ದರೂ ಮದ್ದು ಕೊಡಲು ಕೈ ಹಿಂಜರಿಯುವುದುಂಟು. ಜಾಸ್ತಿ ಮಾತ್ರೆ ಅಭ್ಯಾಸವಾಗುತ್ತೆ, ಉಷ್ಣ ಆಗುತ್ತೆ, ಗಂಡುಹುಡುಗ ಇಷ್ಟಕ್ಕೆಲ್ಲ ಅಳಬಾರದು. ಮಗುವಿಗೆ ನೋವಿದೆ ಎಂದು ತಿಳಿದೂ ಪೋಷಕರು ಬರೆದುಕೊಟ್ಟದ್ದಕ್ಕಿಂತ ಕಡಿಮೆ ಡೋಸ್ ಕೊಡುವುದನ್ನು ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ತಂಗಿಯೂ ಅದನ್ನೇ ಮಾಡಿದಳು.

ಮಗುವನ್ನೇ ಕೇಳಿದರೆ? ಕೈಕಾಲು ಆಡಿಸುವುದು, ನಡೆಯುವುದು ಇಂಥ ಕಣ್ಣಿಗೆ ಕಾಣುವ ವಿಷಯಗಳಲ್ಲಿ ತಾಯಿಯ ಉತ್ತರವೂ ಮಗುವಿನ ಉತ್ತರವೂ ಬಹುಮಟ್ಟಿಗೆ ಹೊಂದುತ್ತವೆ. ಭಯ, ಬೇಸರ, ಒಂಟಿತನ ಎಂಬಲ್ಲಿಗೆ ಬಂದಾಗ ದಾರಿ ಕವಲೊಡೆಯುತ್ತದೆ. ಎಂದರೆ, ಹೊರಗಿನಿಂದ ಕಾಣದ್ದನ್ನು ಹೇಳಬಲ್ಲ ಸಾಕ್ಷಿ ಒಬ್ಬನೇ, ಅವನು ಆರು ವರ್ಷದವನು, ನಗುವ ಮುಖ ಚೆನ್ನಾಗಿದೆ ಅನ್ನುವವನು.

ದೊಡ್ಡವರಿಗೆ ಚೇತರಿಕೆಯ ಪ್ರಶ್ನಾವಳಿಗಳು ಸಿದ್ಧವಾಗಿವೆ. ಮೆಲ್ಬರ್ನ್‌ನ ಪಾಲ್ ಮೈಲ್ಸ್ ತಂಡ 2000ದಲ್ಲಿ 40 ಪ್ರಶ್ನೆಗಳದ್ದೊಂದನ್ನು, 2013ರಲ್ಲಿ ಅದನ್ನು ಸೋಸಿ 15ರದ್ದನ್ನು ಮಾಡಿತು. ಚೆನ್ನಾಗಿ ನಿದ್ದೆ ಬಂತೇ, ಊಟ ರುಚಿಸಿತೇ, ಶೌಚಕ್ಕೆ ನೀವೇ ಹೋದಿರೇ, ಕೆಲಸಕ್ಕೆ ಮರಳಬಲ್ಲಿರೇ. ಇದನ್ನೇ ಚಿಕ್ಕದು ಮಾಡಿ ಮಕ್ಕಳಿಗೆ ತೊಡಿಸಿದರೆ ಅಪ್ಪನ ಅಂಗಿ ಹಾಕಿಕೊಂಡಂತೆ. ಮಗುವಿನ 'ಕೆಲಸ' ಆಟ. ಶೌಚಕ್ಕೆ ಬೇರೆಯವರು ಕರೆದೊಯ್ದರೆ ನಾಲ್ಕು ವರ್ಷದವನಿಗೆ ಏನೂ ಅಲ್ಲ, ಹನ್ನೊಂದರ ಹುಡುಗಿಗೆ ಗಾಯಕ್ಕಿಂತ ಹೆಚ್ಚಿನ ಸಂಕಟ.

ಕಾಲದ ಲೆಕ್ಕವೂ ಹಾಗೆಯೇ. ಮಕ್ಕಳ ಜೀವನದ ಗುಣಮಟ್ಟ ಅಳೆಯಲು ಜೇಮ್ಸ್ ವಾರ್ನಿ ರೂಪಿಸಿದ ಹೆಸರುವಾಸಿ ಪ್ರಶ್ನಾವಳಿಯ ಮೂಲರೂಪ 'ಕಳೆದ ಒಂದು ತಿಂಗಳಲ್ಲಿ' ಎಂದು ಕೇಳುತ್ತದೆ. ಮಗುವಿಗೆ ಒಂದು ತಿಂಗಳೆಂದರೆ ಎಷ್ಟು? ಐದರಿಂದ ಏಳರ ಮಕ್ಕಳಿಗೆ ದೊಡ್ಡವರು ಓದಿ ಹೇಳುತ್ತಾರೆ, ಉತ್ತರಕ್ಕೆ ಮೂರೇ ಮುಖ. ಅದು ಜಾಣತನ. ಅದೇ ಪ್ರಶ್ನಾವಳಿಯಲ್ಲಿ ಒಂದು 'ಬ್ಲಾಕ್' ದೂರಕ್ಕಿಂತ ಹೆಚ್ಚು ನಡೆಯುವುದು ಕಷ್ಟವೇ ಎಂಬ ಪ್ರಶ್ನೆಯಿದೆ. ಅಮೆರಿಕದ ಊರುಗಳಲ್ಲಿ ಎರಡು ಅಡ್ಡರಸ್ತೆಗಳ ನಡುವಿನ ದೂರ ಅದು. ಗದ್ದೆ ದಾಟಿ, ಸಂಕ ದಾಟಿ, ಗುಡ್ಡ ಹತ್ತಿ ಶಾಲೆಗೆ ಹೋಗುವ ಮಲೆನಾಡಿನ ಹುಡುಗಿಗೆ ಇದನ್ನು ಏನೆಂದು ಕೇಳುವುದು? 'ಮನೆಯಿಂದ ಬಸ್‌ಸ್ಟಾಪಿನ ತನಕ' ಎಂದರೆ ಒಬ್ಬಳಿಗೆ ಐವತ್ತು ಹೆಜ್ಜೆ, ಇನ್ನೊಬ್ಬಳಿಗೆ ಮೂರು ಮೈಲಿ.

ಕನ್ನಡಕ್ಕೆ ತರುವಾಗ ಇನ್ನೊಂದು ಕಂಟಕ 'ಸ್ವಲ್ಪ'. ನಮ್ಮ ಭಾಷೆಯಲ್ಲಿ ಇಷ್ಟು ಗಾತ್ರವಿಲ್ಲದ ಪದ ಇನ್ನೊಂದಿಲ್ಲ. ಸ್ವಲ್ಪ ನೀರು ಕೊಡಿ ಅಂದರೆ ಚೊಂಬು ತುಂಬ, ಸ್ವಲ್ಪ ಲೇಟಾಗುತ್ತೆ ಅಂದರೆ ಎರಡು ಗಂಟೆ. 'ಸ್ವಲ್ಪ ನೋವು' ಎಂಬ ಉತ್ತರಕ್ಕೆ ಎಷ್ಟು ಅಂಕ ಹಾಕೋಣ? 'ಪರವಾಗಿಲ್ಲ' ಅಂದರೆ? ಆದರೆ ನೋವಿನ ಬಗೆ ಹೇಳಲು ಕನ್ನಡಕ್ಕೆ ಬಡತನವಿಲ್ಲ. ಚುರುಚುರು ಅನ್ನುತ್ತೆ, ಚುಳ್ ಅಂತು, ಸೆಳೀತಿದೆ, ಕಡೀತಿದೆ, ಜುಮುಜುಮು, ಉರಿ. ಉತ್ತರ ಕರ್ನಾಟಕದ ಮಗು 'ಬ್ಯಾನಿ' ಅನ್ನುತ್ತದೆ. ಚುರುಚುರು ಎಂದರೆ ಹೊಲಿಗೆಯ ಮೇಲ್ಚರ್ಮ, ಸೆಳೆತ ಎಂದರೆ ಒಳಗಿನದು ಎಂದು ಊಹಿಸಬಹುದಾದಷ್ಟು ಸುದ್ದಿ ಆ ಪದಗಳಲ್ಲಿದೆ. ಸೊನ್ನೆಯಿಂದ ಹತ್ತು ಎಂಬ ಪಟ್ಟಿ ಅದನ್ನೆಲ್ಲ ಸೋರಿ ಹೋಗಲು ಬಿಡುತ್ತದೆ. ಅನುವಾದಿಸಿ, ಮರಳಿ ಇಂಗ್ಲಿಷಿಗೆ ತಂದು ತಾಳೆ ನೋಡುವುದು ರೂಢಿಯ ಕ್ರಮ. ಅಷ್ಟರಿಂದ ಕಾಗದ ಸರಿಹೋಗುತ್ತದೆ. ಪ್ರಶ್ನೆ ಸರಿಹೋಗಬೇಕಾದರೆ ಮಗುವಿನ ಪಕ್ಕ ಕೂತು, ನಾನು ಕೇಳಿದ್ದು ನಿನಗೆ ಏನಂತ ಅರ್ಥವಾಯ್ತು, ನಿನ್ನ ಮಾತಲ್ಲಿ ಹೇಳು ಎಂದು ಒಂದೊಂದು ಸಾಲಿಗೂ ಕೇಳಬೇಕು. ಒಳ್ಳೆಯ ಪ್ರಶ್ನಾವಳಿಗಳು ಈಗ ಹುಟ್ಟುವುದು ಹೀಗೆ.

ಕೇಳುವುದನ್ನು ಆಪರೇಷನ್‌ಗೆ ಮುಂಚೆಯೇ ಶುರು ಮಾಡಬೇಕೆನ್ನಲು ಕಾರಣವಿದೆ. ಅಮೆರಿಕದ ಅರಿವಳಿಕೆ ತಜ್ಞ ಝೀವ್ ಕೇನ್ ಮತ್ತು ಸಂಗಡಿಗರು ಟಾನ್ಸಿಲ್ ಆಪರೇಷನ್‌ನ 241 ಮಕ್ಕಳನ್ನು ಗಮನಿಸಿ 2006ರಲ್ಲಿ ಬರೆದರು: ಮೊದಲೇ ಹೆಚ್ಚು ದಿಗಿಲುಗೊಂಡಿದ್ದ ಮಕ್ಕಳಿಗೆ ನಂತರ ನೋವೂ ಹೆಚ್ಚು, ಮನೆಯಲ್ಲಿ ನಿದ್ದೆಯ ತೊಂದರೆಯೂ ಹೆಚ್ಚು. ನಾವು ನಮ್ಮ ಹುಡುಗನಿಗೆ ಏನು ಹೇಳಿದ್ದೆವು? ಐಸ್‌ಕ್ರೀಮ್ ಕೊಡಿಸಲು ಹೋಗುತ್ತಿದ್ದೇವೆ ಎಂದು.

ಎಂಟನೆಯ ದಿನ ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರು ಗಾಯ ನೋಡಿ, ಬೆನ್ನು ತಟ್ಟಿ, ಚೀಟಿಯಲ್ಲಿ ಚೇತರಿಕೆ ಸಮಾಧಾನಕರ ಎಂಬರ್ಥದ ಎರಡು ಪದ ಗೀಚಿದರು. ಅದು ನಿಜವೂ ಹೌದು. ಹುಡುಗ ಸೈಕಲ್ ಯಾವಾಗ ಅಂತ ಕೇಳಿದ. ಮೂರು ವಾರ. ಮುಖ ಸಪ್ಪಗಾಯಿತು, ಕಾರ್ಡಿದ್ದಿದ್ದರೆ ಅವತ್ತು ಖಂಡಿತ ನಾಲ್ಕನೆಯ ಮುಖ ತೋರಿಸುತ್ತಿದ್ದ.

ಮನೆಗೆ ಬಂದಾಗಿನಿಂದ ಅವನಿಗೆ ಒಂದು ಅಭ್ಯಾಸ ಹತ್ತಿತ್ತು. ರಾತ್ರಿ ಮಲಗುವಾಗ ಎಡಗೈಯನ್ನು ಮುಷ್ಟಿ ಕಟ್ಟಿ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದ. ನಿದ್ದೆಯಲ್ಲಿ ಬಿಡಿಸಲು ಹೋದರೆ ಎಚ್ಚರವಾಗಿ ಬೆಚ್ಚುತ್ತಿದ್ದ. ಹಗಲು ಮಾತ್ರ ಏನೂ ಇಲ್ಲದವನ ಹಾಗೆ ಆಡಿಕೊಂಡಿರುತ್ತಿದ್ದ. ನಾನು ಊರಿಗೆ ಮರಳಿದ ಮೇಲೆ ತಂಗಿ ದಿನಾ ಫೋನಿನಲ್ಲಿ ಇಡ್ಲಿ ಎಷ್ಟು ತಿಂದ, ಶಾಲೆಗೆ ಹೋದನೋ ಇಲ್ಲವೋ ಎಲ್ಲ ವರದಿ ಒಪ್ಪಿಸುತ್ತಿದ್ದಳು. ಹತ್ತೊಂಬತ್ತನೆಯ ದಿನ ಬೆಳಗ್ಗೆ ಆರೂವರೆಗೇ ಫೋನ್ ಬಂತು. ಗಾಬರಿಯಿಂದ ಎತ್ತಿದೆ.

"ಅಕ್ಕಾ, ನಿನ್ನೆ ರಾತ್ರಿ ಅಂಗೈ ಬಿಚ್ಚಿ ಮಲಗಿದ್ದ ಕಣಕ್ಕಾ."